ಹವಾಲ್ದಾರ ದುಂಡಪ್ಪನ ಸೂಟಿ

ನಮ್ಮ ಊರಿನಲ್ಲಿ, ಸೈನ್ಯದಿಂದ ಬಂದು ರೈತನಾದವನು ಸತ್ತರೆ ಅವನ ಹೊಲದ ಜೋಳ ಮಾಗುವುದಿಲ್ಲ. ಹಾಲುಗಾಳಿನಲ್ಲಿದ್ದದ್ದು ಹಾಲುಗಾಳಿನಲ್ಲೇ ನಿಂತುಬಿಡುತ್ತದೆ. ಬಿಸಿಲು ಎಷ್ಟೇ ಕಾಯಲಿ, ದಂಟು ಒಣಗುವುದಿಲ್ಲ, ತೆನೆ ತಲೆ ಬಗ್ಗಿಸುವುದಿಲ್ಲ. ಕುಡಗೋಲು ಹಾಕಿದರೆ ದಂಟು ಬಾಗಿ, ಕೈ ಬಿಟ್ಟ ಕೂಡಲೇ ಎದ್ದು ನೆಟ್ಟಗೆ ನಿಲ್ಲುತ್ತದೆ. ಒಂದೆರಡು ತೆನೆ ಕೈಯಿಂದ ಮುರಿದುಕೊಂಡರೆ ಬೇಡ ಅನ್ನುವುದಿಲ್ಲ, ಆದರೆ ಮರುದಿನ ಅದೇ ಜಾಗದಲ್ಲಿ ಇನ್ನೊಂದು ತೆನೆ ಹಾಜರು. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ನಾನು ಗಿರಣಿ ನೀಲವ್ವ. ಬೀಸುವುದು ನನ್ನ ಕೆಲಸ, ಬೆಳೆಯುವುದು ಅವರವರ ಪಾಡು.

ಅಂಥ ಹೊಲಕ್ಕೆ ಬದಲಿ ಕೊಡಬೇಕು. ಸೈನ್ಯದಲ್ಲಿ ಪಹರೆಗೆ ನಿಂತವನು ಇನ್ನೊಬ್ಬ ಬಂದು ಬಿಡಿಸುವವರೆಗೆ ಜಾಗ ಬಿಡುವ ಹಾಗಿಲ್ಲವಂತೆ, ಸತ್ತರೂ ಬಿಡುವ ಹಾಗಿಲ್ಲವಂತೆ. ಆದ್ದರಿಂದ ಹೊತ್ತು ಹುಟ್ಟುವಾಗ ಹಳೆಯ ಸೈನಿಕನೊಬ್ಬ ಬದುವಿನ ಮೇಲೆ ನಿಂತು, ಸಲಾಮು ಹೊಡೆದು, "ನಿಮ್ಮ ಪಾಳಿ ಮುಗೀತು, ಇನ್ನ ಪಹರೆ ನಂದು" ಅನ್ನಬೇಕು. ಅಂದ ಕೂಡಲೇ ಇಡೀ ಹೊಲ ಒಂದೇ ಸಲ ತಲೆ ಬಗ್ಗಿಸುತ್ತದೆ. ಹೊಸ ಸೀರೆಯ ಮಡಿಕೆ ಬಿಚ್ಚಿದಂಥ ಒಂದು ಸದ್ದು ಬರುತ್ತದೆ. ನಾನು ಎಷ್ಟೋ ಸಲ ಕೇಳಿದ್ದೇನೆ, ಪ್ರತಿ ಸಲವೂ ಸೆರಗು ಬಾಯಿಗೆ ಹೋಗುತ್ತದೆ. ಆಮೇಲೆ ಕಾಳು ಗಟ್ಟಿಯಾಗಿ, ಸುಗ್ಗಿ ಮುಗಿದು, ಆ ಜೋಳ ನನ್ನ ಗಿರಣಿಗೆ ಬರುತ್ತದೆ. ಇದೆಲ್ಲ ಮುಂಗಾರಿನ ಮೊದಲ ಮಳೆ ಬೀಳುವುದರೊಳಗೆ ಆಗಬೇಕು. ಆಗದಿದ್ದರೆ ಆ ಹೊಲ ಮುಂದೆಂದೂ ಯಾರ ಮಾತೂ ಕೇಳುವುದಿಲ್ಲ.

ಹಾಗೆ ಉಳಿದ ಹೊಲ ಊರಿಗೆ ಒಂದೇ ಒಂದು ಇತ್ತು. ಸಿಪಾಯಿ ಹೊಳೆಪ್ಪನದು. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಹಿಂದಿಲ್ಲ ಮುಂದಿಲ್ಲ. ಸಣ್ಣ ಚೀಲ ಹಿಡಿದು ಗಿರಣಿಗೆ ಬಂದರೆ ಎಲ್ಲರದೂ ಬೀಸಿ ಮುಗಿಯುವ ತನಕ ಗೋಡೆಗೆ ಒರಗಿ ನಿಂತು, ಕಡೆಗೆ ತನ್ನದನ್ನು ಮುಂದಿಡುತ್ತಿದ್ದ. ಕೆರೆಯ ನೀರಿಗೆ ಆ ವರ್ಷ ತಡವಾಗಿ ಬಿತ್ತಿದ್ದ ಅವನು ಬೇಸಿಗೆಯ ಕಡೆಗೆ ಗುಡಿಸಲಿನಲ್ಲಿ ಸತ್ತದ್ದು ಊರಿಗೆ ತಿಳಿಯುವಷ್ಟರಲ್ಲಿ ಮಳೆ ಬಿದ್ದುಹೋಗಿತ್ತು. ಈಗಲೂ ಕೆರೆಯ ಮಗ್ಗುಲಲ್ಲಿ ಆ ಜೋಳ ಹಸಿರಾಗಿ ನಿಂತಿದೆ. ಬೇಸಿಗೆಯಲ್ಲಿ ಸುತ್ತೆಲ್ಲ ಬೋಳು ಬಯಲು, ನಡುವೆ ಅದೊಂದೇ ಹಸಿರು. ಅದರ ಮುಂದೆ ಹಾದು ಹೋಗುವಾಗ ಜನ ಮಾತು ನಿಲ್ಲಿಸುತ್ತಾರೆ. ಬಾಯಿಬಡಕಿ ನಾನೂ ನಿಲ್ಲಿಸುತ್ತೇನೆ.

ಊರಿನ ಮೂಡಣ ದಿಕ್ಕಿನ ಕರಿಮಣ್ಣಿನ ಬಯಲನ್ನೆಲ್ಲ ಹಿಂದೆ ಯಾವುದೋ ಯುದ್ಧ ಮುಗಿದ ಮೇಲೆ ಸರಕಾರ ತುಂಡು ಮಾಡಿ ಸೈನಿಕರಿಗೆ ಹಂಚಿತ್ತು. ಬಂದೂಕು ಹಿಡಿದ ಕೈ ಕೂರಿಗೆ ಹಿಡಿಯುತ್ತದೆಯೇ ಅಂತ ಊರವರು ಮೂಗು ಮುರಿದರು. ನಾನೂ ಮುರಿದೆ, ಸುಳ್ಳು ಯಾಕೆ ಹೇಳಲಿ? ಆದರೆ ಹಿಡಿದರಪ್ಪ, ಎಂಥ ಹಿಡಿತ ಹಿಡಿದರು! ಕಂದಕ ತೋಡಿದ ಹಾಗೆ ಬದು ಹಾಕಿದರು. ದಾರ ಕಟ್ಟಿ ಎಳೆದ ಹಾಗೆ ಸಾಲು ಬಿತ್ತಿದರು. ಸುಬೇದಾರ ಅಂದಾನಗೌಡರು ನಸುಕಿನಲ್ಲಿ ಕಹಳೆ ಊದಿದರೆ ಅಷ್ಟೂ ಹೊಲಗಳಲ್ಲಿ ಒಟ್ಟಿಗೆ ಕೆಲಸ ಶುರು, ಸಂಜೆ ಊದಿದರೆ ಒಟ್ಟಿಗೆ ಮುಕ್ತಾಯ. ಕಳೆ ಕೀಳುವುದನ್ನೂ ಹೆಜ್ಜೆ ಹಾಕಿಕೊಂಡು ಕೀಳುತ್ತಿದ್ದರು. ಅವರನ್ನು ನೋಡಿ ನಮ್ಮ ಊರ ಸೋಮಾರಿಗಳೂ ಒಂದಿಷ್ಟು ಮೈ ಬಗ್ಗಿಸಿದರು ಅನ್ನಿ.

ಅವರೊಳಗೆ ಒಬ್ಬನೇ ಒಬ್ಬ ಬೇರೆ ಥರ. ಅವನೇ ಹವಾಲ್ದಾರ ದುಂಡಪ್ಪ, ನನ್ನ ಪಕ್ಕದ ಮನೆಯವನು. ಕಹಳೆ ಊದಿದಾಗ ಮಗ್ಗುಲು ಬದಲಿಸಿ ಮಲಗುತ್ತಿದ್ದ. ಬಿಸಿಲು ಕಾಲಿಗೆ ತಾಗಿದ ಮೇಲೆ ಎದ್ದು, ಚಹಾ ಕುಡಿದು, ಎತ್ತುಗಳ ಜೊತೆ ನಾಲ್ಕು ಮಾತಾಡಿ, ಆಮೇಲೆ ಹೊಲಕ್ಕೆ ಹೋಗುತ್ತಿದ್ದ. ಅವನ ಸಾಲುಗಳು ಹಾವು ಹರಿದ ಹಾಗೆ. ಯಾಕೆಂದರೆ ಕೂರಿಗೆ ಹೊಡೆಯುವಾಗ ಹಕ್ಕಿಯ ಗೂಡು ಕಂಡರೆ ಸುತ್ತು ಹಾಕಿಕೊಂಡು ಹೋಗುವುದು, ಎತ್ತಿಗೆ ಬೇಸರವಾದರೆ ಅದು ತಿರುಗಿದ ಕಡೆಗೇ ತಿರುಗುವುದು. ಮಧ್ಯಾಹ್ನ ಜಾಲಿಯ ಮರದ ಕೆಳಗೆ ಮಲಗಿದನೆಂದರೆ ಗೊರಕೆ ರಸ್ತೆಗೆ ಕೇಳಿಸಬೇಕು. ಆದರೂ ಅವನ ಜೋಳ ಯಾರಿಗೂ ಕಡಿಮೆ ಇರಲಿಲ್ಲ. ಅವನ ಜೋಳದ ರೊಟ್ಟಿಗೆ ಒಂದು ಸಿಹಿ ಇರುತ್ತಿತ್ತು.

ಸುಬೇದಾರರು ದಿನವೂ ಸಿಡಿಮಿಡಿಗೊಳ್ಳುತ್ತಿದ್ದರು. "ಹವಾಲ್ದಾರ, ಸಾಲು ಸೊಟ್ಟ ಅದಾವು!"

"ಸೂಟಿ ಮ್ಯಾಲ ಅದೀನ್ರೀ ಸಾಹೇಬ್ರ" ಅನ್ನುತ್ತಿದ್ದ ದುಂಡಪ್ಪ ಬದುವಿನ ಮೇಲೆ ಕೂತಲ್ಲಿಂದಲೇ. "ಸೂಟ್ಯಾಗ ಬಂದಾಂವ ಸೊಟ್ಟರ ನಡೀತಾನ, ನೆಟ್ಟಗರ ನಡೀತಾನ. ಕೇಳಾವ್ರು ಯಾರು?"

ಸೂಟಿ ಅಂದರೆ ರಜೆ. ಅವನ ಮಟ್ಟಿಗೆ ಅದು ತಮಾಷೆಯ ಮಾತಾಗಿರಲಿಲ್ಲ ಅನ್ನುವುದು ಪಕ್ಕದ ಮನೆಯವಳಾದ ನನಗೆ ಗೊತ್ತು. ತುಳಸವ್ವನನ್ನು ಮದುವೆಯಾಗಲಿಕ್ಕೆ ಅವನು ರಜೆಯ ಮೇಲೆ ಬಂದಿದ್ದ. ಮೈಗೆ ಹಚ್ಚಿದ ಅರಿಸಿನ ಹೋಗುವ ಮೊದಲೇ ತಂತಿ ಬಂತು, ವಾಪಸು ಹೋದ. ಆಮೇಲೆ ಹಿಮದ ಗುಡ್ಡದ ಮೇಲೆ ವರ್ಷಗಟ್ಟಲೆ. ರಜೆ ಸಿಕ್ಕಿತು ಅನ್ನುವಷ್ಟರಲ್ಲಿ ರದ್ದು, ಪೆಟ್ಟಿಗೆ ಕಟ್ಟಿದ ಮೇಲೆ ರದ್ದು. ಹೆಣ್ಣುಕೂಸು ಹುಟ್ಟಿತು, ಅವನು ಮುಖ ನೋಡಲಿಲ್ಲ. ಜ್ವರ ಬಂದು ಆ ಕೂಸು ಹೋಯಿತು, ಆಗಲೂ ಅವನಿಗೆ ಬರಲಾಗಲಿಲ್ಲ. ತುಳಸಿ ಆ ವರ್ಷಗಳೆಲ್ಲ ಒಲೆಯ ಮುಂದೆ ಒಬ್ಬಳೇ ಕೂತು ಉಂಡವಳು. ಉಂಡಳೋ ಬಿಟ್ಟಳೋ, ಗೋಡೆಯ ಈಚೆಗಿದ್ದ ನನಗೆ ತಾಟಿನ ಸದ್ದು ಕೇಳದ ದಿನಗಳೇ ಹೆಚ್ಚು. ಕಡೆಗೂ ಸೈನ್ಯದಿಂದ ಬಿಡುಗಡೆಯಾಗಿ ಬಂದ ದಿನ ದುಂಡಪ್ಪ ಪೆಟ್ಟಿಗೆಯನ್ನು ಹೊಸ್ತಿಲೊಳಗೆ ಇಟ್ಟು ಹೇಳಿದ ಮೊದಲ ಮಾತು ನಾನು ಕಿವಿಯಾರೆ ಕೇಳಿದ್ದೇನೆ: "ಇನ್ನ ನನ್ನ ಸೂಟಿ ಯಾರೂ ರದ್ದು ಮಾಡಾಂಗಿಲ್ಲ ತುಳಸಿ. ಇನ್ನ ನೀ ಒಬ್ಬಾಕಿ ಉಣ್ಣೂದು ಬ್ಯಾಡ."

ಆ ಮಾತನ್ನು ಅವನು ಹೇಗೆ ನಡೆಸಿದ ಅಂತ ಊರೇ ನೋಡಿದೆ. ಹೊತ್ತು ನೆತ್ತಿಗೆ ಬಂದಾಗ ತುಳಸಿ ಬುತ್ತಿ ಹೊತ್ತು ಹೊಲಕ್ಕೆ ಬರುತ್ತಿದ್ದಳು. ಬದುವಿನ ಮೇಲೆ ನಿಂತು, "ಏನ್ರೀ, ಊಟಕ್ಕ ಬರ್ರೀ!" ಅಂತ ಕೂಗುತ್ತಿದ್ದಳು. ಅವನು ಜೋಳದೊಳಗೆ ಇದ್ದುಕೊಂಡೇ ಕೇಳಿಸದವನ ಹಾಗೆ ಇರುತ್ತಿದ್ದ. "ರೊಟ್ಟಿ ಆರಾಕತ್ತಾವು, ಬರ್ರೀ!" ಅಂದರೆ ಒಂದು ಕೆಮ್ಮು ಬರುತ್ತಿತ್ತು, ಅಷ್ಟೇ. ಆಗ ಅವಳು ಸೊಂಟದ ಮೇಲೆ ಕೈಯಿಟ್ಟು, "ಬರೂದಿಲ್ಲಂದ್ರ ಬಿಡ್ರಿ, ನಾ ಒಬ್ಬಾಕೀನ ಉಣ್ತೀನಿ!" ಅನ್ನಬೇಕು. ಅಂದಳೋ ಇಲ್ಲವೋ, ಧೋತರ ಎತ್ತಿಕಟ್ಟಿ ಓಡಿ ಬರುತ್ತಿದ್ದ ಮನುಷ್ಯ. ಶತ್ರು ಬೆನ್ನು ಹತ್ತಿದಾಗಲೂ ಅಷ್ಟು ಓಡಿರಲಿಕ್ಕಿಲ್ಲ. ಸುತ್ತಲ ಹೊಲದವರು ನಗುತ್ತಿದ್ದರು. ಮದುವೆಯಾದ ಹೊಸತರಲ್ಲಿ ಸಿಗದಿದ್ದ ಚೆಲ್ಲಾಟವನ್ನೆಲ್ಲ ಅವರಿಬ್ಬರೂ ತಲೆ ನರೆತ ಮೇಲೆ ವಸೂಲು ಮಾಡಿಕೊಂಡರು.

ದುಂಡಪ್ಪ ಸತ್ತದ್ದು ಎಳ್ಳಮಾವಾಸ್ಯೆ ಕಳೆದ ಮೇಲೆ, ಜೋಳ ಹಾಲುಗಾಳಿನಲ್ಲಿದ್ದಾಗ. ಜಾಲಿಯ ಮರದ ಕೆಳಗೆ ಮಲಗಿದವನು ಏಳಲಿಲ್ಲ. ಬುತ್ತಿ ತಂದ ತುಳಸಿ ಒಂದೇ ಸಲ ಕೂಗಿದಳು. ಗೊರಕೆ ಕೇಳಿಸದಿದ್ದಾಗ ಬುಟ್ಟಿ ಅಲ್ಲೇ ಬಿಟ್ಟು ಓಡಿದಳು. ಒಳ್ಳೆಯ ಸಾವು ಅಂದರು ಎಲ್ಲರೂ. ಹೌದು, ಹೋದವನಿಗೆ ಒಳ್ಳೆಯದೇ.

ಬದಲಿ ಕೊಡುವ ದಿನ ಸುಬೇದಾರರು ಏನೂ ಕಮ್ಮಿ ಮಾಡಲಿಲ್ಲ. ಹಳೆಯ ಸೈನಿಕರೆಲ್ಲ ಕೋಟು ಹಾಕಿ, ಪದಕ ಉಜ್ಜಿ, ಊರುಗೋಲು ಬಗಲಿಗಿಟ್ಟು ಸಾಲಾಗಿ ನಿಂತರು. ಬದಲಿಯಾಗದ ಹೊಲಕ್ಕೆ ಹೆಂಗಸರು ಕಾಲಿಡುವ ಹಾಗಿಲ್ಲ ಎನ್ನುವುದು ಅವರ ನಿಯಮ, ಆದ್ದರಿಂದ ನಾನೂ ತುಳಸಿಯೂ ರಸ್ತೆಯ ಮೇಲೆ ನಿಂತಿದ್ದೆವು. ಕಹಳೆ ಆಯಿತು. ಸುಬೇದಾರರು ಸಲಾಮು ಹೊಡೆದು, ಗಂಟಲು ಬಿರಿಯುವ ಹಾಗೆ, "ಹವಾಲ್ದಾರ ದುಂಡಪ್ಪ! ನಿಮ್ಮ ಪಾಳಿ ಮುಗೀತು! ಇನ್ನ ಪಹರೆ ನಂದು!" ಅಂದರು.

ಜೋಳ ಅಲುಗಲಿಲ್ಲ.

ಹಿಂದೆಂದೂ ಹೀಗಾಗಿರಲಿಲ್ಲ. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುದಿನ ಮತ್ತೆ ಬಂದರು. ಬೂಟಿಗೆ ಪಾಲಿಶ್ ಸಾಲದಾಗಿತ್ತು ಅಂತ ಪಾಲಿಶ್ ಹಾಕಿ ಬಂದರು. ಕಹಳೆಯ ಶ್ರುತಿ ತಪ್ಪಿತ್ತು ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಿ ತಂದರು. ನಿಂತ ದಿಕ್ಕು ಸರಿಯಿಲ್ಲ ಅಂತ ಮೂಡಣಕ್ಕೊಮ್ಮೆ, ಪಡುವಣಕ್ಕೊಮ್ಮೆ ನಿಂತರು. ಪಾಳಿ ಮುಗೀತು, ಪಾಳಿ ಮುಗೀತು ಅಂತ ಹೇಳೀ ಹೇಳೀ ಸುಬೇದಾರರ ಧ್ವನಿ ಬಿದ್ದುಹೋಯಿತು. ಜೋಳ ಮಾತ್ರ ಹಸಿರಾಗಿ, ಸೊಟ್ಟಪಟ್ಟ ಸಾಲಿನಲ್ಲಿ, ತನ್ನ ಪಾಡಿಗೆ ತಾನು ಗಾಳಿ ತೆಗೆದುಕೊಳ್ಳುತ್ತ ನಿಂತಿತ್ತು.

ಊರಿಗೆ ಅದೂ ಒಂದು ಸಡಗರವಾಯಿತು ನೋಡಿ. ಹಾಲುಗಾಳಿನ ತೆನೆ ಸಗಣಿ ಕುಳ್ಳಿನ ಬೆಂಕಿಯಲ್ಲಿ ಸುಟ್ಟು ಬಡಿದರೆ ಅದೇ ಸೀತನಿ, ವರ್ಷಕ್ಕೊಮ್ಮೆ ಛಳಿಗಾಲದಲ್ಲಿ ಸಿಗುವ ರುಚಿ. ಈಗ ಶಿವರಾತ್ರಿಗೂ ಸೀತನಿ, ಹೋಳಿಹುಣ್ಣಿಮೆಗೂ ಸೀತನಿ, ಉಗಾದಿಯ ಬೇವು-ಬೆಲ್ಲದ ಜೊತೆಗೂ ಸೀತನಿ. ಎಂದೂ ಬಾರದ ನೆಂಟರೆಲ್ಲ ಬೆಲ್ಲ, ಶೇಂಗಾಹಿಂಡಿ ಕಟ್ಟಿಕೊಂಡು ಬಂದರು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. "ಸತ್ತಾವನ ಹೊಲ ಸಂತಿ ಮಾಡೀರಲ್ಲೋ, ನಾಚಿಕಿ ಬ್ಯಾಡೇನು?" ಅಂತ ರಸ್ತೆಯಲ್ಲಿ ನಿಂತು ಬೈದೆ. ಮೂವತ್ತು ವರ್ಷ ಗಿರಣಿಯ ಸದ್ದಿನ ಮೇಲೆ ಕೂಗಿದ ಗಂಟಲು ನನ್ನದು, ಮೂರು ಹೊಲದಾಚೆಗೂ ಕೇಳಿಸಿತು. ತುಳಸಿ ನನ್ನ ಕೈ ಹಿಡಿದು, "ತಿನ್ಲಿ ಬಿಡ ನೀಲಕ್ಕ. ಅವರಿಗೂ ನಾಕು ಮಂದಿ ಬಂದ್ರ ಖುಷಿ ಆಗತಿತ್ತು" ಅಂದಳು.

ಹಾಗೆ ಅಂದಳೇ ಹೊರತು ಅವಳು ಸೊರಗಿ ಸೊರಗಿ ಕಡ್ಡಿಯಾಗಿದ್ದಳು. ದಿನವೂ ಇಬ್ಬರಿಗೆ ಆಗುವಷ್ಟು ರೊಟ್ಟಿ ಬಡಿಯುತ್ತಿದ್ದಳು. ಅವನ ಪಾಲನ್ನು ಎತ್ತುಗಳಿಗೆ ಹಾಕುತ್ತಿದ್ದಳು. ತನ್ನದನ್ನು ಒಲೆಯ ಮುಂದೆ ನಿಂತೇ ಒಂದು ತುಂಡು ಮುರಿದು ಬಾಯಿಗಿಟ್ಟು ನೀರು ಕುಡಿಯುತ್ತಿದ್ದಳು. ತಾಟು ಹಾಕಿಕೊಂಡು ಕೂತದ್ದನ್ನು ಗೋಡೆಯ ಈಚೆಯಿಂದ ನಾನು ಒಂದು ದಿನವೂ ಕೇಳಲಿಲ್ಲ. ಬೈದೆ, ಬೇಡಿಕೊಂಡೆ, ನಮ್ಮ ಮನೆಯಿಂದ ಮುದ್ದಿಪಲ್ಲೆ ಮಾಡಿ ಒಯ್ದು ಕೊಟ್ಟೆ. ಬಟ್ಟಲು ತೊಳೆದು ವಾಪಸು ಕೊಟ್ಟಳು, ಪಲ್ಯ ಎತ್ತಿನ ಬಾಯಿಗೆ ಹೋಗಿತ್ತು.

ಕೃತ್ತಿಕಾ ಮಳೆಯ ನಕ್ಷತ್ರ ಬಂತು. ಸಂಜೆ ಹೊತ್ತು ಪಡುವಣದಲ್ಲಿ ಮೋಡ ಕಟ್ಟತೊಡಗಿದವು. ಒಂದು ದಿನ ತುಳಸಿ ನನ್ನ ಗಿರಣಿಯ ಕಟ್ಟೆಯ ಮೇಲೆ ಬಂದು ಕೂತಳು. ಹಿಟ್ಟಿನ ಧೂಳಿನಲ್ಲಿ ಅವಳ ಮುಖ ಇನ್ನೂ ಬೆಳ್ಳಗೆ ಕಾಣುತ್ತಿತ್ತು.

"ನೀಲಕ್ಕ, ಹೊಳೆಪ್ಪನ ಹೊಲದ್ಹಂಗ ಆಗಿಬಿಟ್ಟರ ಏನ ಮಾಡ್ಲಿ?" ಅಂದಳು. "ಹಿಮದಾಗ ನಿಂತು ನಿಂತು ಅವರ ಮೊಣಕಾಲು ಹೋಗಿದ್ದವು. ಇನ್ನ ಮಳಿ, ಬಿಸಿಲು, ಛಳಿ ಎಲ್ಲಾ ನಿಂತ ಕಾಲಮ್ಯಾಲ ಕಳೀಬೇಕೇನು ಅವರು? ಜೋಳ ಬರ್ಲಿ, ಬಿಡ್ಲಿ, ನನಗ ಬ್ಯಾಡ. ಅವರಿಗೆ ಒಂದಿಷ್ಟು ಕೂಡಾಕ ಸಿಗ್ಲಿ ಸಾಕು."

ಪಟ್ಟಾ ಬಿಚ್ಚಿ ಗಿರಣಿ ನಿಲ್ಲಿಸಿ ಅವಳ ಪಕ್ಕದಲ್ಲಿ ಕೂತೆ. ದುಡಿಮೆಯ ಹೊತ್ತಿನಲ್ಲಿ ನಾನು ಗಿರಣಿ ನಿಲ್ಲಿಸಿದ್ದು ಗಂಡ ಸತ್ತ ದಿನ ಬಿಟ್ಟರೆ ಅದೇ ಮೊದಲು.

ಆಗ ಇಮಾಮಸಾಬ ಬಂದ. ಹಿಮದ ಗುಡ್ಡದ ಮೇಲೆ ದುಂಡಪ್ಪನ ಮಗ್ಗುಲಲ್ಲೇ ಇದ್ದವನು, ಅಲ್ಲಿಯೇ ಕಾಲ್ಬೆರಳು ಕಳೆದುಕೊಂಡವನು. ಮಾತು ಕಡಿಮೆ. ಇಷ್ಟು ದಿನ ಸುಬೇದಾರರ ಹಿಂದೆ ಸುಮ್ಮನೆ ಸಾಲಿನಲ್ಲಿ ನಿಂತಿದ್ದ. "ವೈನಿ" ಅಂದ ತುಳಸಿಗೆ, "ನಮ್ಮ ತಪ್ಪು ಎಲ್ಲೈತಿ ಅಂತ ನನಗ ಈಗ ತಿಳೀತು. ಪಾಳಿ ಮುಗೀತು ಅಂತ ಹೇಳಾಕತ್ತೀವಿ. ದುಂಡ್ಯಾ ಪಾಳಿ ಮ್ಯಾಲ ಎಲ್ಲಿದ್ದ? ಸೂಟಿ ಮ್ಯಾಲ ಇದ್ದ."

ಸತ್ಯ ಕಣ್ಣೆದುರಿಗೇ ಇತ್ತು. ಅವನು ದಿನವೂ ಬದುವಿನ ಮೇಲೆ ಕೂತು ಅದನ್ನೇ ಹೇಳಿದ್ದ, ನಾವು ನಕ್ಕು ಬಿಟ್ಟಿದ್ದೆವು. ಇಮಾಮಸಾಬ ಹೋಗಿ ಸುಬೇದಾರರಿಗೆ ಹೇಳಿದ. ಸುಬೇದಾರರು ಮೀಸೆಯ ಮೇಲೆ ಕೈಯಾಡಿಸಿದರು. ಆಮೇಲೆ ಸೈನ್ಯದವರಿಗೆ ಮಾತ್ರ ಹೊಳೆಯಬಹುದಾದದ್ದು ಅವರಿಗೆ ಹೊಳೆಯಿತು. "ಸೂಟಿ ಮ್ಯಾಲ ಇದ್ದಾವನ್ನ ಪಹರೆಯಿಂದ ಬಿಡಸಾಕ ಬರೂದಿಲ್ಲ. ಮೊದಲ ಸೂಟಿ ರದ್ದು ಮಾಡಬೇಕು, ಪಹರೆಕ್ಕ ಹಾಜರ ಮಾಡಿಸಬೇಕು, ಆಮ್ಯಾಲ ಬದಲಿ ಕೊಡಬೇಕು. ಕ್ರಮ ಅಂದ್ರ ಕ್ರಮ!"

ಮರುದಿನ ಬೆಳಗ್ಗೆ ಮತ್ತೆ ಕೋಟು, ಮತ್ತೆ ಪದಕ, ಮತ್ತೆ ಕಹಳೆ. ಮೋಡ ಆಗಲೇ ಅರ್ಧ ಆಕಾಶ ತುಂಬಿತ್ತು. ನಾವಿಬ್ಬರೂ ರಸ್ತೆಯ ಮೇಲೆ. ಸುಬೇದಾರರು ಉಳಿದಷ್ಟೂ ಧ್ವನಿ ಕೂಡಿಸಿ ಕೂಗಿದರು, "ಹವಾಲ್ದಾರ ದುಂಡಪ್ಪ! ನಿಮ್ಮ ಸೂಟಿ ರದ್ದಾಗೇತಿ! ತಕ್ಷಣ ಹಾಜರಾಗ್ರಿ!"

ಈ ಸಲ ಜೋಳ ಅಲುಗಿತು. ಒಂದೊಂದೇ ತೆನೆ, ಒಂದೊಂದೇ ಗರಿ, ನಿಧಾನವಾಗಿ, ಇಡೀ ಹೊಲ ಸುಬೇದಾರರಿಗೆ ಬೆನ್ನು ತಿರುಗಿಸಿ ನಿಂತಿತು. ಜೋಳಕ್ಕೆ ಬೆನ್ನು ಎಲ್ಲಿಂದ ಬರಬೇಕು ಅಂತ ಕೇಳಬೇಡಿ, ನೋಡಿದವಳು ನಾನು. ಸಿಟ್ಟಾದ ಗಂಡಸು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದಾಗ ಕಾಣುವಂಥದೇ ಬೆನ್ನು.

ಸುಬೇದಾರರ ಬಾಯಿ ತೆರೆದದ್ದು ತೆರೆದೇ ಇತ್ತು. ನನ್ನ ಪಕ್ಕದಲ್ಲಿ ಏನೋ ಸದ್ದಾಯಿತು. ತಿರುಗಿ ನೋಡಿದರೆ ತುಳಸಿ ನಗುತ್ತಿದ್ದಳು! ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. "ಅವರೇ... ಅವರೇ ನೋಡ ನೀಲಕ್ಕ! ತಂತಿ ಬಂದಾಗೂ ಹಿಂಗ ಮಾರಿ ತಿರುಗಿಸಿ ಕೂತಿದ್ರು!" ಅಂದಳು. ನಗು ನಿಂತ ಮೇಲೆ ಅವಳ ಮುಖ ಬೇರೆಯಾಯಿತು. ರಸ್ತೆಯಿಂದಲೇ ಅವಳು ಸುಬೇದಾರರಿಗೆ ಅಂದದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಎಂದೂ ಯಾರಿಗೂ ಎದುರು ಮಾತಾಡದ ಹೆಂಗಸು ಅವಳು.

"ಸಾಕು ಮಾಡ್ರಿ ಸಾಹೇಬ್ರ. ಬದುಕಿದ್ದಾಗ ರದ್ದು ಮಾಡಿದ್ದು ಸಾಲಲಿಲ್ಲೇನು? ಕೂಸಿನ ಮಾರಿ ನೋಡಾಕ ಬಿಡಲಿಲ್ಲ, ಮಣ್ಣ ಹಾಕಾಕ ಬಿಡಲಿಲ್ಲ. ಅದೊಂದು ಸೂಟಿ ಅವರು ಗಳಿಸಿದ್ದು. ಅದನ್ನ ಯಾರೂ ಮುಟ್ಟಬ್ಯಾಡ್ರಿ."

ಸುಬೇದಾರರು ಕಹಳೆ ಕೆಳಗಿಳಿಸಿದರು. ಕೆಟ್ಟ ಮನುಷ್ಯರಲ್ಲ ಅವರು.

ತುಳಸಿ ನನ್ನ ಕೈ ಹಿಡಿದು ಮನೆಗೆ ನಡೆಸಿಕೊಂಡು ಬಂದಳು. ಒಲೆ ಹೊತ್ತಿಸಿದಳು. ಹಿಟ್ಟು ನಾದುತ್ತಾ, ನನ್ನ ಮುಖ ನೋಡದೆ, "ಅವರು ಪಹರೆಕ್ಕ ನಿಂತಿಲ್ಲ ನೀಲಕ್ಕ" ಅಂದಳು. "ಅವತ್ತ ನಾ ಕೂಗಿದ್ದು ಅರ್ಧಕ್ಕ ನಿಂತಿತ್ತು. ಊಟಕ್ಕ ಕರಿಯೂದನ್ನ ಕಾಯಕೋತ ನಿಂತಾರ. ನನ್ನ ಒಬ್ಬಾಕೀನ ಉಣ್ಣಾಕ ಬಿಡೂದಿಲ್ಲಂತ ಮಾತು ಕೊಟ್ಟಾರಲ್ಲ, ಹೆಂಗ ಹೋಗ್ಯಾರು?"

ರೊಟ್ಟಿ ಬಡಿದಳು. ಎಣ್ಣೆಗಾಯಿ ಮಾಡಿದಳು, ಶೇಂಗಾಹಿಂಡಿ, ಉಳ್ಳಾಗಡ್ಡಿ, ತಂಬಿಗೆಯ ತುಂಬ ಮಜ್ಜಿಗೆ. ಎಲ್ಲ ಇಬ್ಬರಿಗೆ ಆಗುವಷ್ಟೇ, ಕೈ ರೂಢಿ ಬಿಡಲಿಲ್ಲ. ಬುತ್ತಿ ಕಟ್ಟಿ ತಲೆಯ ಮೇಲಿಟ್ಟುಕೊಂಡಳು. ಹೊತ್ತು ನೆತ್ತಿಗೆ ಬಂದಿರಬೇಕು, ಆದರೆ ಮೋಡದಲ್ಲಿ ಕಾಣುತ್ತಿರಲಿಲ್ಲ. ಮಣ್ಣಿನ ವಾಸನೆ ಎಲ್ಲಿಂದಲೋ ಆಗಲೇ ಬರುತ್ತಿತ್ತು, ಪಕ್ಕದ ಊರಿಗೆ ಮಳೆ ಬಿದ್ದಿತ್ತು.

ಮುದುಕರು ಇನ್ನೂ ಅಲ್ಲೇ ಇದ್ದರು, ಪದಕ ಬಿಚ್ಚಿ ಜೇಬಿಗೆ ಹಾಕಿಕೊಂಡು ಬದುವಿನ ಮೇಲೆ ಕೂತಿದ್ದರು. ತುಳಸಿ ರಸ್ತೆ ದಾಟಿ ಸೀದಾ ಹೊಲಕ್ಕೆ ಕಾಲಿಟ್ಟಳು. ಸುಬೇದಾರರು ಗಡಬಡಿಸಿ ಎದ್ದರು. "ತಂಗೀ, ಬದಲಿ ಆಗೂತನಕ ಹೆಣ್ಣಮಕ್ಕಳು—"

ಇಮಾಮಸಾಬ ಅವರ ತೋಳು ಹಿಡಿದು ಕೂರಿಸಿದ. "ಸೂಟ್ಯಾಗ ಮನಿಗೆ ಬಂದಾವನ ಗಂಡಾ-ಹೆಂಡ್ತಿ ಮಾತಿನ್ಯಾಗ ನಾವ್ಯಾಕ್ರೀ ಸಾಹೇಬ್ರ?"

ತುಳಸಿ ಬದುವಿನ ಮೇಲೆ ನಿಂತಳು. ಗಂಟಲು ಸರಿಮಾಡಿಕೊಂಡಳು. "ಏನ್ರೀ, ಊಟಕ್ಕ ಬರ್ರೀ!"

ಏನೂ ಇಲ್ಲ. ಬೆನ್ನು ತಿರುಗಿಸಿದ ಜೋಳ ಹಾಗೇ ಇತ್ತು.

"ರೊಟ್ಟಿ ಆರಾಕತ್ತಾವು, ಬರ್ರೀ!"

ನಡು ಹೊಲದಲ್ಲಿ ಎಲ್ಲೋ ಗರಿ ಗರಿಗೆ ಉಜ್ಜಿ ಒಂದು ಸಣ್ಣ ಸದ್ದಾಯಿತು. ಯಾರು ಏನೇ ಅನ್ನಲಿ, ಅದು ಕೆಮ್ಮು. ಜೋಳ ಮೆಲ್ಲಗೆ ಅವಳ ಕಡೆಗೆ ತಿರುಗಿತು.

ಇನ್ನು ಉಳಿದದ್ದು ಕಡೆಯ ಮಾತು. ತುಳಸಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಇಷ್ಟು ವರ್ಷ ಆ ಮಾತು ಬರಿಯ ಬೆದರಿಕೆಯಾಗಿತ್ತು, ಅವನು ಅದನ್ನು ಒಂದು ದಿನವೂ ನಿಜವಾಗಲು ಬಿಟ್ಟಿರಲಿಲ್ಲ. ನನಗೆ ಓಡಿ ಹೋಗಿ ಅವಳ ಬಾಯಿ ಮುಚ್ಚಬೇಕು ಅನ್ನಿಸಿತು, ಇರಲಿ ಬಿಡೇ ತುಳಸಿ, ಅವನು ಅಲ್ಲೇ ಇರಲಿ ಅನ್ನಬೇಕು ಅನ್ನಿಸಿತು. ಪಡುವಣದಲ್ಲಿ ಗುಡುಗು ಉರುಳಿತು.

"ನಾ ಒಬ್ಬಾಕೀನ ಉಣ್ತೀನಿ" ಅಂದಳು ತುಳಸಿ. ಕೂಗಲಿಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳಿದಷ್ಟೇ ಧ್ವನಿಯಲ್ಲಿ ಹೇಳಿದಳು.

ಹೇಳಿ ಕೂತಳು. ಬುತ್ತಿ ಬಿಚ್ಚಿದಳು. ರೊಟ್ಟಿ ಮುಂದಿಟ್ಟುಕೊಂಡಳು. ಆಮೇಲೆ ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟಳು. ಅಗಿದಳು. ಕಣ್ಣೀರು ಗಲ್ಲದ ಮೇಲಿಂದ ಹರಿದು ಗದ್ದಕ್ಕೆ ಬರುತ್ತಿತ್ತು, ಒರೆಸಿಕೊಳ್ಳದೆ ಅಗಿದಳು, ನುಂಗಿದಳು, ಇನ್ನೊಂದು ತುತ್ತು ಮುರಿದಳು. ಹೀಗೆ ಒಂದು ಇಡೀ ರೊಟ್ಟಿ ಉಂಡಳು. ಮಜ್ಜಿಗೆ ಕುಡಿದಳು. ತಂಬಿಗೆ ಕೆಳಗಿಟ್ಟು ಹೊಲದ ಕಡೆಗೆ ನೋಡಿ, "ಉಂಡೆ ನೋಡ್ರಿ. ಹೊಟ್ಟಿ ತುಂಬ ಉಂಡೆ. ಇನ್ನ ನನ್ನ ಚಿಂತಿ ಮಾಡಬ್ಯಾಡ್ರಿ, ಆರಾಮ ಮಲಕೋರ್ರಿ" ಅಂದಳು.

ಬದುವಿಗೆ ಹತ್ತಿರದ ಒಂದು ತೆನೆ ತಲೆ ಬಗ್ಗಿಸಿತು. ಅದರಾಚೆಗೆ ಇನ್ನೊಂದು. ಬೇರೆ ಸೈನಿಕರ ಹೊಲದ ಹಾಗೆ ಒಂದೇ ಸಲಕ್ಕೆ, ಸಾಲುಸಾಲಾಗಿ ಬಗ್ಗಲಿಲ್ಲ. ಇಲ್ಲಿ ನಾಲ್ಕು, ಅಲ್ಲಿ ಹತ್ತು, ಊಟದ ಪಂಕ್ತಿಯಿಂದ ಜನ ಏಳುವ ಹಾಗೆ, ತಮತಮಗೆ ಸಾವಕಾಶವಾದಂತೆ ಬಗ್ಗಿದವು. ಜಾಲಿಯ ಮರದ ಕೆಳಗಿನವು ಎಲ್ಲಕ್ಕಿಂತ ಕಡೆಗೆ. ಹಸಿರು ಇಳಿದು ಹಳದಿ ಏರುವುದು ಕಣ್ಣಿಗೇ ಕಾಣುತ್ತಿತ್ತು. ಇಮಾಮಸಾಬ ಕುಂಟುತ್ತ ಎದ್ದು ನಿಂತು ಸಲಾಮು ಹೊಡೆದ. ಸುಬೇದಾರರೂ ಸಲಾಮಿಗೆ ಕೈಯೆತ್ತಿದರು, ಅರ್ಧಕ್ಕೆ ಏನೋ ನೆನಪಾಗಿ ಕೈ ಇಳಿಸಿ, ಎರಡೂ ಕೈ ಜೋಡಿಸಿದರು. "ಹೋಗಿ ಬರ್ರಿ ದುಂಡಪ್ಪ" ಅಂದರು. ಅವರ ಬಾಯಿಂದ ಹವಾಲ್ದಾರ ಅನ್ನದ ಬರಿಯ ಹೆಸರು ನಾನು ಕೇಳಿದ್ದು ಅದೇ ಮೊದಲು.

ಮಳೆ? ಆ ಹೊಲ ಕೊಯ್ದು, ಒಕ್ಕಿ, ಚೀಲ ತುಂಬುವವರೆಗೂ ಮೋಡ ಹಾಗೇ ತಡೆದು ನಿಂತಿತು. ಅದನ್ನೂ ನನ್ನನ್ನು ಕೇಳಬೇಡಿ.

ಆದರೆ ನಾನು ಹೇಳಬೇಕೆಂದದ್ದು ಅದೇ ಮಧ್ಯಾಹ್ನದ ಮಾತು. ಎಲ್ಲರೂ ಕಣ್ಣೊರೆಸಿಕೊಂಡು ಏಳುವಾಗ ತುಳಸಿ ಬುತ್ತಿ ಕಟ್ಟುತ್ತಿದ್ದಳು. ಅದರಲ್ಲಿ ದುಂಡಪ್ಪನ ಪಾಲು ಹಾಗೇ ಉಳಿದಿತ್ತು. ಅದನ್ನು ನೋಡಿದಳು, ಆಮೇಲೆ ದೂರದಲ್ಲಿ ಕೆರೆಯ ಮಗ್ಗುಲಿಗಿದ್ದ ಆ ಹಸಿರಿನ ಕಡೆಗೆ ನೋಡಿದಳು. "ಹೊಳೆಪ್ಪಗ ಯಾರೂ ಇರಲಿಲ್ಲಲ್ಲ, ನೀಲಕ್ಕ" ಅಂದಳು. "ಯಾರಾದ್ರೂ ಒಮ್ಮೆರ ಊಟಕ್ಕ ಕರದಿದ್ರೇನು ಅವನ್ನ?"

"ಎಷ್ಟೋ ಮಳಿ ಬಿದ್ದು ಹೋದ ಹೊಲ ತಂಗೀ ಅದು. ಆಗೂದಲ್ಲ" ಅಂದರು ಸುಬೇದಾರರು. ಅಂದವರು ತಾವೇ ಮುಂದೆ ನಡೆದರು.

ಹೊಳೆಪ್ಪನ ಹೊಲದ ಮುಂದೆ ಎಲ್ಲರ ಮಾತೂ ನಿಂತಿತು. ತುಳಸಿ ಬುತ್ತಿ ಬದುವಿನ ಮೇಲಿಟ್ಟು ನನ್ನ ಕಡೆಗೆ ತಿರುಗಿದಳು. "ನೀ ಕರಿ. ನಂದು ಗಂಟಲ ಹೋಗೇತಿ. ನಿಂದು ದೊಡ್ಡ ದನಿ." ಅಯ್ಯ ಶಿವನೇ, ಏನಂತ ಕರೆಯಲಿ? ಗಿರಣಿಯ ಗೋಡೆಗೆ ಒರಗಿ ನಿಲ್ಲುತ್ತಿದ್ದವನ ಮುಖ ನೆನಪು ಮಾಡಿಕೊಂಡೆ. ಎಲ್ಲರದೂ ಆಗಲಿ, ಕಡೆಗೆ ನಂದು ಅನ್ನುವ ಮುಖ.

"ಹೊಳೆಪ್ಪಣ್ಣಾ, ಊಟಕ್ಕ ಬಾರೋ!" ಅಂತ ಕೂಗಿದೆ. ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಜೋಳ ಅಲುಗಲಿಲ್ಲ.

"ಬೈದು ಕರಿ. ಮನಿಮಂದಿ ಹಂಗ" ಅಂದಳು ತುಳಸಿ.

"ಏ ಹೊಳೆಪ್ಪಾ! ಎಷ್ಟೊತ್ತಂತ ಗ್ವಾಡಿಗೆ ಒರಗಿ ನಿಲ್ಲತಿ? ಎಲ್ಲಾರ್ದೂ ಆತು, ಇನ್ನ ನಿಂದ ಪಾಳಿ. ಬಾ ಅಂದ್ರ ಬಾ, ಇಲ್ಲಂದ್ರ ನಾನ ಒಳಗ ಬಂದು ಕಿವಿ ಹಿಡದು ಕರಕೊಂಡ ಬರ್ತೀನಿ!"

ಗಾಳಿ ಇರಲಿಲ್ಲ, ಎಲ್ಲರೂ ನೋಡಿದ್ದಾರೆ, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹೊಲದ ಎಲ್ಲಕ್ಕಿಂತ ಹಿಂದಿನ ಮೂಲೆಯಲ್ಲಿ ಒಂದೇ ಒಂದು ತೆನೆ, ಸಂಕೋಚದಿಂದ, ತಲೆ ಬಗ್ಗಿಸಿತು. ಅಷ್ಟೇ. ಮಿಕ್ಕಿದ್ದೆಲ್ಲ ಹಸಿರಾಗಿ ನಿಂತೇ ಇತ್ತು. ಸುಬೇದಾರರು ತಲೆಯ ರುಮಾಲು ತೆಗೆದು ಮುಖ ಮುಚ್ಚಿಕೊಂಡರು.

ತುಳಸಿ ಆ ಮೂಲೆಗೆ ಹೋಗಿ ಒಂದು ರೊಟ್ಟಿ ಇಟ್ಟು ಬಂದಳು. ಉಳಿದದ್ದನ್ನು ನಾವೆಲ್ಲ ಬದುವಿನ ಮೇಲೆ ಕೂತು ಮುರಿದುಕೊಂಡು ತಿಂದೆವು. ಯಾರೂ ಒಬ್ಬರೇ ಉಣ್ಣಲಿಲ್ಲ. ಎದ್ದು ಬರುವಾಗ ತುಳಸಿ, "ನಾಳೆನೂ ಬರೂಣು, ನಾಡದೂ ಬರೂಣು. ನಾಚಿಕಿ ಮನುಷ್ಯಾ, ದಿನಕ್ಕ ಒಂದೊಂದ ತೆನಿ ಬಗ್ಗಿಸ್ಲಿ" ಅಂದಳು.

ನನ್ನ ಗಿರಣಿಯಲ್ಲಿ ಇವತ್ತಿನವರೆಗೆ ಯಾರಿಗೂ ಒಂದು ಹಿಡಿ ಹಿಟ್ಟು ಪುಕ್ಕಟೆ ಹೋಗಿಲ್ಲ, ಊರೇ ಬಲ್ಲದು. "ಹಿಟ್ಟು ನಂದು" ಅಂದೆ.